ಪ್ರಿಂಟ್ ಹಾಕಿಸದ ನಲವತ್ತೇಳು



ಪಾವಗಡದ ಸೋಲಾರ್ ಪಾರ್ಕನ್ನು ಟಿವಿಯಲ್ಲಿ ನೀವು ಎಷ್ಟು ಸಲ ನೋಡಿದ್ದೀರೋ ಲೆಕ್ಕ ಇಲ್ಲ. ನಾವೇ ತೋರಿಸಿದ್ದೀವಿ. ಡ್ರೋನ್ ಮೇಲಕ್ಕೆ ಏಳುತ್ತೆ, ಕೆಳಗೆ ಕಪ್ಪು ನೀಲಿ ಹಲಗೆಗಳ ಸಾಲು, ಹಿಂದೆ ಒಂದು ಸಂಗೀತ, ಅದರ ಮೇಲೆ ನನ್ನದೇ ದನಿ: ತಿರುಮಣಿ ಸುತ್ತಮುತ್ತ ಐದು ಹಳ್ಳಿ, 13,000 ಎಕರೆ, 2050 ಮೆಗಾವ್ಯಾಟ್. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆ ಆಯ್ತಲ್ಲ, ಅವತ್ತಿನಿಂದ ಈ ದೃಶ್ಯವನ್ನು ನಾವು ಸವೆಯೋ ಹಾಗೆ ಬಳಸಿದ್ದೀವಿ.

ಇವತ್ತು ಅದೇ ನೆಲದ ಇನ್ನೊಂದು ಚಿತ್ರ ತೋರಿಸ್ತೀನಿ. ಇದಕ್ಕೆ ಡ್ರೋನ್ ಇಲ್ಲ, ಸಂಗೀತ ಇಲ್ಲ. 2003ರ ದಸರಾ ರಜೆಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಹೊಲದ ಬದುವಿನ ಮೇಲೆ ನಿಂತು ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದದ್ದು. ಆ ಹುಡುಗ ನಾನೇ. ಪರದೆ ಮೇಲೆ ಬರ್ತಿದೆ ನೋಡಿ. (ಪುಸ್ತಕದಲ್ಲಿ ಓದುತ್ತಿರುವವರು ನಾನು ಹೇಳಿದ್ದನ್ನೇ ನಂಬಬೇಕು.) ಕೆಂಪು ನೆಲ. ಎಡಕ್ಕೆ ವಾಲಿಕೊಂಡ ಆಕಾಶ, ಯಾಕಂದ್ರೆ ಕ್ಯಾಮೆರಾ ವಾಲಿದೆ. ಒಣಗಿದ ಕಡ್ಲೆಕಾಯಿ ಬಳ್ಳಿಯ ಗುಡ್ಡೆ. ದೂರದಲ್ಲಿ ಬೇವಿನ ಮರ, ಅದರ ಕೆಳಗೆ ಎರಡು ಎತ್ತು. ನಡುವೆ ಬಗ್ಗಿ ಕಾಯಿ ಬಿಡಿಸುತ್ತಿರುವ ಐದು ಜನ ಹೆಂಗಸರು. ಬಲಗಡೆ ಮೂಲೆಯಲ್ಲಿ ಮಬ್ಬಾಗಿ ಕಾಣ್ತಿರೋದು ನನ್ನ ಬೆರಳು.

ಈ ಚಿತ್ರವನ್ನು ಮೂರು ತಿಂಗಳ ಹಿಂದಿನವರೆಗೆ ಯಾರೂ ನೋಡಿರಲಿಲ್ಲ. ತೆಗೆದ ನಾನೂ ನೋಡಿರಲಿಲ್ಲ. ನೆಗೆಟಿವ್‌ನಲ್ಲಿತ್ತು, ಅಷ್ಟೆ. ಪ್ರಿಂಟ್ ಹಾಕಿಸಿರಲಿಲ್ಲ.

ಮಧುಗಿರಿಯ ನಮ್ಮ ಮನೆಗೆ ಬಣ್ಣ ಹೊಡೆಸೋಕೆ ಅಂತ ಅಟ್ಟ ಖಾಲಿ ಮಾಡಿದಾಗ ನನ್ನ ಪಿಯುಸಿ ಪುಸ್ತಕದ ಟ್ರಂಕು ಕೆಳಗೆ ಬಂತು. ಅದರೊಳಗೆ ಕೊಡಕ್ ಕೆಬಿ 10 ಕ್ಯಾಮೆರಾ, ಸೆಲ್ ಸೋರಿ ಹಸಿರುಗಟ್ಟಿದ್ದು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದಕ್ಕೆ ಬೆಂಗಳೂರಿನ ಚಿಕ್ಕಪ್ಪ ಕೊಡಿಸಿದ್ದು. ಜೊತೆಗೆ ಮೂರು ಸಣ್ಣ ಆಲ್ಬಂ. ನಿಮ್ಮ ಮನೆಯಲ್ಲೂ ಇರುತ್ತೆ, ಪ್ರಿಂಟ್ ಹಾಕಿಸಿದರೆ ಸ್ಟುಡಿಯೋದವರು ಪುಕ್ಕಟೆ ಕೊಡ್ತಿದ್ದರಲ್ಲ, ಮೇಲೆ ಗುಲಾಬಿ ಹೂವಿನದೋ ಸ್ವಿಟ್ಜರ್ಲೆಂಡಿನದೋ ಚಿತ್ರ ಇರೋ ಪ್ಲಾಸ್ಟಿಕ್ ಆಲ್ಬಂ, ಅದು. ಆಲ್ಬಂ ನೋಡಿ ಮನೆಯವರೆಲ್ಲ ಒಂದು ಗಂಟೆ ನಕ್ಕೆವು. ನನ್ನ ಪ್ಯಾಂಟು, ನನ್ನ ಕ್ರಾಪು, ಅದೆಲ್ಲ ಬೇಡ ಬಿಡಿ. ಆಮೇಲೆ ಟ್ರಂಕಿನ ತಳದಲ್ಲಿ ಒಂದು ಲಕೋಟೆ ಸಿಕ್ತು. ಅದರ ತುಂಬ ನೆಗೆಟಿವ್.

ಎಣಿಸಿದೆ. ಮೂರು ರೀಲು, ಮೂವತ್ತಾರರಂತೆ ನೂರೆಂಟು. ಅಷ್ಟೋತ್ತರ ಅನ್ನಿ. ಆಲ್ಬಂಗಳಲ್ಲಿ ಇದ್ದ ಪ್ರಿಂಟು ಅರವತ್ತೊಂದು. ಉಳಿದ ನಲವತ್ತೇಳು ಎಲ್ಲಿ?

ಇದು ಅರ್ಥ ಆಗಬೇಕಾದರೆ ಆಗಿನ ರೀಲಿನ ಲೆಕ್ಕ ಗೊತ್ತಿರಬೇಕು. ಈಗಿನ ಹುಡುಗರಿಗೆ ರೀಲು ಅಂದರೆ ಮೊಬೈಲ್ ಮುಂದೆ ಕುಣಿಯೋದು. ನಮಗೆ ರೀಲು ಅಂದರೆ ಖರ್ಚು. ಒಂದು ಕಲರ್ ರೀಲಿಗೆ ಹತ್ತಿರ ಹತ್ತಿರ ನೂರು ರೂಪಾಯಿ. ತೊಳೆಸೋದಕ್ಕೆ ಬೇರೆ. ಒಂದೊಂದು ಪ್ರಿಂಟಿಗೆ ಐದು ರೂಪಾಯಿ. ಎಲ್ಲ ಸೇರಿದರೆ ಒಂದು ರೀಲು ಮುನ್ನೂರು ರೂಪಾಯಿ ನುಂಗ್ತಿತ್ತು. ಆ ವರ್ಷ ನಮ್ಮ ಮಾವನ ಹೊಲಕ್ಕೆ ಕಾಯಿ ಬಿಡಿಸೋಕೆ ಬರುತ್ತಿದ್ದ ಹೆಂಗಸರಿಗೆ ದಿನಕ್ಕೆ ನಲವತ್ತು ರೂಪಾಯಿ ಕೂಲಿ. ಒಂದು ರೀಲು ಅಂದರೆ ಏಳೂವರೆ ದಿನದ ಕೂಲಿ. ಈ ಲೆಕ್ಕ ನಾನು ಈಗ ಮಾಡಿದ್ದು. ಹದಿನಾರನೇ ವಯಸ್ಸಲ್ಲಿ ಯಾರು ಮಾಡ್ತಾರೆ!

ಹಾಗಾಗಿ ಯಾವುದರ ಫೋಟೋ ತೆಗೀಬೇಕು, ಯಾವುದರದ್ದು ಬೇಡ ಅನ್ನೋದು ಮೊದಲೇ ನಿರ್ಧಾರ ಆಗಿರ್ತಿತ್ತು. ಬೆಟ್ಟ ಬೇಕು. ದೇವಸ್ಥಾನ ಬೇಕು. ಹೊಸ ಬಟ್ಟೆ ಬೇಕು. ಊರಿಗೆ ಬಂದ ನೆಂಟರು ಬೇಕು. ಯಾರದೋ ಬೈಕಿನ ಮೇಲೆ ಕೂತು ತೆಗೆಸಿಕೊಂಡದ್ದಂತೂ ಬೇಕೇ ಬೇಕು. ದಿನಾ ಕಣ್ಣ ಮುಂದೆ ಇರೋದಕ್ಕೆ ಯಾರಾದರೂ ರೀಲು ಖರ್ಚು ಮಾಡ್ತಾರಾ? ಒಲೆ ಮುಂದೆ ಕೂತ ಅಮ್ಮ, ಕೊಡ ಹೊತ್ತ ಅಕ್ಕ, ಹೊಲದಲ್ಲಿ ಬಗ್ಗಿದ ಕೂಲಿಯವರು, ಇವರೆಲ್ಲ ಫೋಟೋಗೆ ಬರುವ ವಸ್ತುಗಳೇ ಅಲ್ಲ ಅಂತ ಇಡೀ ಊರೇ ನಂಬಿತ್ತು.

ನೀವು ಮಧುಗಿರಿಯವರಾದರೆ ಆಲ್ಬಂನಲ್ಲಿ ಏನಿದೆ ಅಂತ ನಾನು ಹೇಳಬೇಕಾಗಿಲ್ಲ. ಬೆಟ್ಟ. ಸಮುದ್ರ ಮಟ್ಟದಿಂದ 3930 ಅಡಿ ಎತ್ತರದ ಒಂದೇ ಬಂಡೆ. ನಮ್ಮೂರಲ್ಲಿ ಹೊರಗೆ ನಿಂತು ಯಾವ ಕಡೆ ಕ್ಯಾಮೆರಾ ತಿರುಗಿಸಿದರೂ ಅದೇ ಬಂದು ಹಿಂದೆ ನಿಲ್ಲುತ್ತೆ. ನನ್ನ ಮೊದಲ ರೀಲಿನ ಮುಕ್ಕಾಲು ಪಾಲು ಚಿತ್ರಗಳಲ್ಲಿ ಗೆಳೆಯರು ಬದಲಾಗಿದ್ದಾರೆ, ಬೆಟ್ಟ ಬದಲಾಗಿಲ್ಲ. ಒಂದು ಉಪಕಾರ ಮಾತ್ರ ಆಗಿದೆ. ಬಂಡೆಯ ಯಾವ ಭುಜ ಎಷ್ಟು ಕಾಣ್ತಿದೆ, ಕೋಟೆ ಗೋಡೆ ಯಾವ ಕೋನದಲ್ಲಿದೆ ಅಂತ ನೋಡಿದರೆ, ಫೋಟೋ ಊರಿನ ಯಾವ ಬೀದಿಯಲ್ಲಿ ನಿಂತು ತೆಗೆದದ್ದು ಅಂತ ಕಂಡುಹಿಡೀಬಹುದು. ಇಂಜಿನಿಯರಿಂಗ್‌ನಲ್ಲಿ ಸರ್ವೆಯಿಂಗ್ ಓದಿದ್ದು ಜೀವನದಲ್ಲಿ ಮೊದಲ ಸಲ ಕೆಲಸಕ್ಕೆ ಬಂತು.

ಶಿರಾದ್ದೂ ಇವೆ. ಮಲಿಕ್ ರಿಹಾನ್ ಗೋರಿ, 1651ರದ್ದು. ಜುಮ್ಮಾ ಮಸೀದಿ, 1696ರದ್ದು. ಎರಡರ ಮುಂದೆಯೂ ನಾವು ನಾಲ್ಕು ಜನ ಸಾಲಾಗಿ ನಿಂತು ಕಟ್ಟಡವನ್ನು ಪೂರ್ತಿ ಮುಚ್ಚಿದ್ದೀವಿ. ಕೊರಟಗೆರೆ ಕಡೆಯ ಸಿದ್ದರಬೆಟ್ಟದಲ್ಲಿ ತೆಗೆದ ಎರಡು, ಗೊರವನಹಳ್ಳಿ ಲಕ್ಷ್ಮಿ ದೇವಸ್ಥಾನದ ಹೊರಗೆ ಹೂವಿನ ಅಂಗಡಿ ಪಕ್ಕ ಒಂದು. ಕಗ್ಗಲಡುವಿನಲ್ಲಿ ಹುಣಸೆ ಮರದ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ನಿಮಗೆ ಗೊತ್ತು. ಊರಿನವರೇ ಕಾಪಾಡಿಕೊಂಡು ಬಂದ ಹಕ್ಕಿಗಳು. ಅವುಗಳಿಗೆ ಐದು ಫ್ರೇಮ್ ಖರ್ಚು ಮಾಡಿದ್ದೆ. ಕೆಬಿ 10ರಲ್ಲಿ ಫೋಕಸ್ ಇಲ್ಲ, ಜೂಮ್ ಇಲ್ಲ. ಹಕ್ಕಿ ಅಂತ ಬಂದದ್ದು ಬಿಳೀ ಚುಕ್ಕೆ. ಮೈದನಹಳ್ಳಿಯ ಕೃಷ್ಣಮೃಗಗಳದ್ದೂ ಅದೇ ಕತೆ, ಚುಕ್ಕೆ ಕಂದು ಬಣ್ಣದ್ದು ಅಷ್ಟೆ. ಆ ಜಾಗವನ್ನು ಸರ್ಕಾರ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದು 2007ರಲ್ಲಿ. ನನ್ನ ಚುಕ್ಕೆಗಳು 2004ರವು. ಹುಲ್ಲು ಆಗ ಎಷ್ಟೆತ್ತರ ಇತ್ತು ಅಂತ ಬೇಕಾದವರಿಗೆ ಉಪಯೋಗಕ್ಕೆ ಬಂದೀತು.

ಈಗ ನೆಗೆಟಿವ್ ವಿಷಯಕ್ಕೆ ಬರ್ತೀನಿ.

ಆಲ್ಬಂ ಅನ್ನೋದು ನಾವು ಆರಿಸಿ ಜೋಡಿಸಿದ್ದು. ನೆಗೆಟಿವ್‌ಗೆ ಆರಿಸೋದು ಗೊತ್ತಿಲ್ಲ. ಅದರ ಅಂಚಿನಲ್ಲಿ ನಂಬರ್ ಅಚ್ಚಾಗಿರುತ್ತೆ, 1, 1ಎ, 2, 2ಎ ಅಂತ. ಯಾವುದರ ನಂತರ ಯಾವುದು ಅನ್ನೋದನ್ನ ಯಾರೂ ಬದಲಾಯಿಸೋಕೆ ಆಗಲ್ಲ. ನಮ್ಮೂರ ಸ್ಟುಡಿಯೋದವರು ರೀಲನ್ನು ಬಸ್ಸಿನಲ್ಲಿ ತುಮಕೂರಿನ ಲ್ಯಾಬಿಗೆ ಕಳಿಸ್ತಿದ್ದರು. ಅಲ್ಲಿ ಯಂತ್ರದಲ್ಲಿ 37.8 ಡಿಗ್ರಿ ಬಿಸಿಯ ಡೆವಲಪರ್‌ನಲ್ಲಿ ಮೂರೂಕಾಲು ನಿಮಿಷ, ಆಮೇಲೆ ಬ್ಲೀಚು, ಫಿಕ್ಸರು. ಜಗತ್ತಿನ ಯಾವ ಮೂಲೆಯಲ್ಲಿ ತೊಳೆದರೂ ಕಲರ್ ನೆಗೆಟಿವ್‌ಗೆ ಅದೇ ಬಿಸಿ, ಅದೇ ಹೊತ್ತು. ತೊಳೆದಾದ ಮೇಲೆ ಲ್ಯಾಬಿನವರು ಬೆಳಕಿನ ಮೇಲೆ ಹಿಡಿದು ನೋಡೋರು. "ಸರಿಯಾಗಿ ಬಂದಿದ್ದನ್ನ ಮಾತ್ರ ಹಾಕಿ" ಅಂತ ನಾವೇ ಹೇಳಿರ್ತಿದ್ದೆವು, ಐದೈದು ರೂಪಾಯಿ ಉಳೀಲಿ ಅಂತ. ವಾಲಿದ್ದು, ಮಬ್ಬಾದದ್ದು, ಬೆರಳು ಬಂದದ್ದು, ಕತ್ತಲಾದದ್ದು ಎಲ್ಲ ಅಲ್ಲೇ ಉಳೀತು.

ಇನ್ನೊಂದು ಥರದ್ದೂ ಇತ್ತು. ರೀಲು ಮುಗಿಯದೆ ತೊಳೆಸೋ ಹಾಗಿಲ್ಲ. ಮದುವೆ ಫೋಟೋ ಬೇಗ ನೋಡಬೇಕು, ಇನ್ನೂ ಮೂರು ಫ್ರೇಮ್ ಉಳಿದಿವೆ ಅಂದರೆ ಏನು ಮಾಡ್ತಿದ್ವಿ? ಸಿಕ್ಕಿದ್ದಕ್ಕೆ ಹೊಡೆದು ಮುಗಿಸ್ತಿದ್ವಿ. ನಾಯಿ, ಬೇಲಿ, ಬಾಗಿಲು. ಪೋಲು ಫ್ರೇಮು ಅಂತಿದ್ದೆವು ಅದಕ್ಕೆ. ನಾನು ಈಗ ಹೇಳ್ತಿರೋದು ಇಷ್ಟೇ ವೀಕ್ಷಕರೇ. ನಮ್ಮ ನಾಲ್ಕು ತಾಲ್ಲೂಕುಗಳ ಜನ ಆ ಕಾಲದಲ್ಲಿ ಹೇಗೆ ಬದುಕಿದ್ದರು ಅನ್ನೋದು ಏನಾದರೂ ಚಿತ್ರದಲ್ಲಿ ಉಳಿದಿದ್ದರೆ, ಅದು ಪೋಲು ಫ್ರೇಮುಗಳಲ್ಲಿ ಉಳಿದಿದೆ.

ಮೊದಲು ಮೊಬೈಲಿನಲ್ಲೇ ನೋಡಿದೆ. ನೀವೂ ಮಾಡಬಹುದು. ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳೀ ಪುಟ ತೆರೆದು, ಅದರ ಮುಂದೆ ಸ್ವಲ್ಪ ದೂರ ಬಿಟ್ಟು ನೆಗೆಟಿವ್ ಹಿಡಿದು, ಮೊಬೈಲಿನಲ್ಲಿ ಫೋಟೋ ತೆಗೆದು, ಯಾವುದಾದರೂ ಆಪ್‌ನಲ್ಲಿ ಬಣ್ಣ ತಿರುಗಿಸಿದರೆ ಆಯ್ತು. ಕಿತ್ತಳೆ ಬಣ್ಣದ ದೆವ್ವಗಳೆಲ್ಲ ಮನುಷ್ಯರಾಗಿಬಿಡ್ತಾರೆ. ಆಮೇಲೆ ಬೆಂಗಳೂರಿಗೆ ತಂದು ಸರಿಯಾಗಿ ಸ್ಕ್ಯಾನ್ ಮಾಡಿಸಿದೆ. ನಲವತ್ತೇಳರಲ್ಲಿ ಹತ್ತೊಂಬತ್ತು ನಿಜಕ್ಕೂ ಹಾಳು. ಇಪ್ಪತ್ತೆಂಟು ಬಂದವು.

ಮೊದಲು ಕಣ್ಣಿಗೆ ಬಿದ್ದದ್ದು ಹಲ್ಲು. ಅಥವಾ ಹಲ್ಲು ಇಲ್ಲದಿರೋದು ಅನ್ನಿ. ಆಲ್ಬಂನಲ್ಲಿ ಯಾವ ಗೆಳೆಯನೂ, ಯಾವ ಅಕ್ಕತಂಗಿಯರೂ ಬಾಯಿಬಿಟ್ಟು ನಕ್ಕಿಲ್ಲ. "ನಗ್ರೋ" ಅಂದರೆ ತುಟಿ ಬಿಗಿಹಿಡಿದು ಕೆನ್ನೆ ಎತ್ತುತ್ತಿದ್ದರು. ಪಾವಗಡ, ಮಧುಗಿರಿ, ಶಿರಾ ಕಡೆಯ ಬೋರ್‌ವೆಲ್ ನೀರು ಕುಡಿದು ಬೆಳೆದವರಿಗೆ ಕಾರಣ ಹೇಳಬೇಕಾಗಿಲ್ಲ. ಫ್ಲೋರೈಡು. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ದಾಟಿತ್ತು. ಹಲ್ಲಿನ ಮೇಲ್ಪದರ ಕಟ್ಟೋದು ಎಂಟು ವರ್ಷದೊಳಗೆ. ಆ ವಯಸ್ಸಲ್ಲಿ ಕುಡಿದ ನೀರಿನ ಕಂದು ಗೆರೆ ಸಾಯೋವರೆಗೂ ಹೋಗಲ್ಲ. ಹೆಣ್ಣು ನೋಡೋಕೆ ಬಂದವರ ಮುಂದೆ ನಮ್ಮ ಹುಡುಗಿಯರು ತಲೆ ತಗ್ಗಿಸ್ತಿದ್ದದ್ದು ನಾಚಿಕೆಗೆ ಅಂತ ಸಿನಿಮಾದವರು ಅಂದುಕೋಬಹುದು.

ಆದರೆ ಪ್ರಿಂಟ್ ಹಾಕಿಸದ ಇಪ್ಪತ್ತೆಂಟರಲ್ಲಿ ಒಂದಿದೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಪ್ರೈವೇಟ್ ಬಸ್ಸಿನ ಒಳಗೆ ತೆಗೆದದ್ದು. ಆ ದಾರಿ ನಿಮಗೆ ಗೊತ್ತಲ್ಲ, ಮಿಡಿಗೇಶಿ ದಾಟಿ ಆಂಧ್ರದ ಮಡಕಶಿರಾ ಸೀಮೆಗೆ ಹೋಗಿ, ಮತ್ತೆ ಕರ್ನಾಟಕಕ್ಕೆ ಬರುತ್ತೆ. ಬೋರ್ಡು ಕನ್ನಡದಿಂದ ತೆಲುಗಾಗಿ ಮತ್ತೆ ಕನ್ನಡ ಆಗುತ್ತೆ. ಬಸ್ಸು ಕುಲುಕಿದೆ, ಚಿತ್ರ ಅಲುಗಾಡಿದೆ. ನನ್ನ ದೊಡ್ಡಮ್ಮನ ಮಗಳು, ನನ್ನ ಅಕ್ಕ, ಕಿಟಕಿ ಪಕ್ಕ ಕೂತು ಬಾಯಿ ತುಂಬ ನಗ್ತಿದ್ದಾಳೆ. ಕ್ಯಾಮೆರಾ ತನ್ನ ಕಡೆ ಇದೆ ಅಂತ ಅವಳಿಗೆ ಗೊತ್ತಿಲ್ಲ. ಅವಳ ಮದುವೆ ಆಲ್ಬಂನಲ್ಲಿ, ಮಕ್ಕಳ ನಾಮಕರಣದ ಆಲ್ಬಂನಲ್ಲಿ, ಎಲ್ಲೂ ಇಲ್ಲದ ನಗು. ಅವಳಿಗೆ ಕಳಿಸಿದೆ. ಅರ್ಧ ದಿನ ಉತ್ತರ ಬರಲಿಲ್ಲ. ಆಮೇಲೆ ಫೋನ್ ಮಾಡಿ, "ಟೀವಿಯಲ್ಲಿ ತೋರಿಸಬೇಡ ಕಣೋ" ಅಂದಳು. ತೋರಿಸ್ತಿಲ್ಲ.

ಎರಡನೇ ರೀಲು, ಮೂವತ್ತೈದನೇ ಫ್ರೇಮು. ಅಮ್ಮನ ತವರು, ತಿರುಮಣಿ ಹತ್ತಿರದ ಹಳ್ಳಿ. ಪಡಸಾಲೆಯಲ್ಲಿ ಅಜ್ಜಿ ಕಡ್ಲೆಕಾಯಿ ಸುಲೀತಾ ಕೂತಿದ್ದಾಳೆ. ಹಿಂದೆ ಬಾಗಿಲಿಂದ ಬೆಳಕು ನುಗ್ಗಿದೆ. ಹಾಗಾಗಿ ಅವಳ ಮುಖ ನೆಗೆಟಿವ್‌ನಲ್ಲಿ ತೆಳ್ಳಗೆ, ಇದ್ದೂ ಇಲ್ಲದ ಹಾಗೆ ಬಂದಿತ್ತು. ಲ್ಯಾಬಿನವರು ಕತ್ತಲು ಅಂತ ಬಿಟ್ಟಿದ್ದಾರೆ. ಅವರದ್ದೇನೂ ತಪ್ಪಿಲ್ಲ, ಆಗಿನ ಪ್ರಿಂಟಿನಲ್ಲಿ ಅದು ಕಪ್ಪು ಮುದ್ದೆ ಆಗಿಯೇ ಬರ್ತಿತ್ತು. ಈಗಿನ ಸ್ಕ್ಯಾನರ್‌ಗಳು ಆ ತೆಳುವಿನೊಳಗಿಂದಲೂ ಒಂದಿಷ್ಟು ಎತ್ತಿಕೊಡ್ತವೆ. ಮುಖ ಪೂರ್ತಿ ಕಾಣಲ್ಲ, ಯಾಕಂದ್ರೆ ಅಜ್ಜಿ ಕೈ ಅಡ್ಡ ಹಿಡಿದಿದ್ದಾಳೆ. "ನನ್ನದೇನು ತೆಗೀತೀಯ ಮಗಾ, ದುಡ್ಡು ದಂಡ" ಅಂದಿದ್ದು ನನಗೆ ಚೆನ್ನಾಗಿ ನೆನಪಿದೆ.

ಅಜ್ಜಿ ತೀರಿಹೋದದ್ದು 2011ರಲ್ಲಿ. ಗೋಡೆಗೆ ಹಾಕೋಕೆ ಒಂದು ಫೋಟೋ ಇರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಏನು ಮಾಡ್ತಾರೆ ಗೊತ್ತಲ್ಲ, ವೋಟರ್ ಕಾರ್ಡಿನ ಅಂಚೆಚೀಟಿಯಷ್ಟು ಚಿತ್ರವನ್ನ ಸ್ಟುಡಿಯೋದವರು ದೊಡ್ಡದು ಮಾಡಿ, ಸೀರೆಗೆ ಬಣ್ಣ ಹಾಕಿ, ಹಿಂದೆ ನೀಲಿ ಪರದೆ ಕೂರಿಸಿ ಕೊಡ್ತಾರೆ. ಅಜ್ಜಿ ಉಟ್ಟೇ ಇರದ ಹಸಿರು ರೇಷ್ಮೆ ಸೀರೆ ಉಟ್ಟು ಅವತ್ತಿನಿಂದ ಗೋಡೆ ಮೇಲಿದ್ದಾಳೆ. ಅಂಥ ಎಷ್ಟು ಅಜ್ಜಿಯರು ನಮ್ಮ ಗೋಡೆಗಳ ಮೇಲಿದ್ದಾರೆ ಹೇಳಿ!

ಸ್ಕ್ಯಾನ್ ಮಾಡಿದ್ದನ್ನ ಅಮ್ಮನಿಗೆ ತೋರಿಸಿದೆ. ಅಳ್ತಾಳೇನೋ ಅಂದುಕೊಂಡಿದ್ದೆ. ಅವಳು ಕನ್ನಡಕ ಹಾಕಿಕೊಂಡು ಅಜ್ಜಿಯ ಮುಖ ಬಿಟ್ಟು ಕೈಯನ್ನೇ ನೋಡಿದಳು.

"ಕಡಗ ಇದೆ" ಅಂದಳು.

ಬೆಳ್ಳಿ ಕಡಗ. ಮುಖಕ್ಕೆ ಅಡ್ಡ ಹಿಡಿದ ಕೈಯಲ್ಲಿ ಮಸುಕಾಗಿ ಒಂದು ಬಿಳೀ ಸುತ್ತು.

"ಹಾಗಾದರೆ ಇದು ದಸರಾ ರಜೆಯದ್ದೇ. ದೀಪಾವಳಿ ಹೊತ್ತಿಗೆ ಈ ಕಡಗ ಇರಲಿಲ್ಲ. ಹುಲ್ಲಿಗೆ ಹೋಯ್ತು."

ಆ ವರ್ಷ ದಸರಾಕ್ಕೂ ದೀಪಾವಳಿಗೂ ಮೂರೇ ವಾರ. 2001, 2002, 2003, ಮೂರು ವರ್ಷ ಸಾಲಾಗಿ ಬರ. ಪಾವಗಡ ಸೀಮೆಯಲ್ಲಿ ಕಡ್ಲೆಕಾಯಿ ಬಳ್ಳಿ ಹಸಿರಾಗಿ ಎದ್ದು ಕಾಯಿ ಕಟ್ಟದೆ ನಿಂತಿತ್ತು. ದನಕ್ಕೆ ಮೇವಿಲ್ಲದೆ ಸರ್ಕಾರ ಗೋಶಾಲೆ ತೆರೆದಿತ್ತು. ನನ್ನ ರೀಲಿನಲ್ಲಿ ಗೋಶಾಲೆ ಇಲ್ಲ. ಯಾರು ತೆಗೀತಾರೆ ಅದನ್ನ? ಬರದ ಬಗ್ಗೆ ನಮ್ಮ ಚಾನೆಲ್‌ನಲ್ಲಿ ನಾನೇ ಎಷ್ಟು ಕಾರ್ಯಕ್ರಮ ಮಾಡಿದ್ದೀನಿ, ಎಕರೆ ಲೆಕ್ಕ, ಕೋಟಿ ಲೆಕ್ಕ, ಮಿಲಿಮೀಟರ್ ಲೆಕ್ಕ. ಒಂದು ಮನೆಯ ಎರಡು ಎತ್ತು ಉಳೀಬೇಕಾದರೆ ಯಾರ ಕೈಯಿಂದ ಏನು ಇಳೀತು ಅನ್ನೋ ಲೆಕ್ಕ ನನಗೆ ಸಿಕ್ಕಿದ್ದು ಈ ಕತ್ತಲು ಫ್ರೇಮಿನಲ್ಲಿ.

ಮೂವತ್ತಾರನೇ ಫ್ರೇಮು, ಆ ರೀಲಿನ ಕೊನೇದು. ಮೊದಲಿಗೆ ತೋರಿಸಿದೆನಲ್ಲ, ಅದೇ ಹೊಲ. ರೀಲು ಮುಗಿಸೋಕೆ ಹೊಡೆದದ್ದು.

ಇದನ್ನ ಮಾವನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನು. "ಅಳಿಯಾ, ಇದು ಎಲ್ಲಿತ್ತೋ?" ಅಂದ್ರು. ಆ ವಾರವೇ ಹೋದೆ. ಮಾವ ಟೀ ತರಿಸಿದ್ದೂ ಮರೆತು ಮೊಬೈಲನ್ನ ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಬೇವಿನ ಮರ ಇಲ್ಲಿ. ಅದರಿಂದ ಈಚೆಗೆ ನಮ್ಮ ಬದು. ಬದುವಿನ ಮೇಲೆ ಎರಡು ಜಾಲಿ. ಆಚೆಗೆ ದಾಯಾದಿಗಳ ಹೊಲ. ಕಲ್ಲು ಇಲ್ಲಿತ್ತು, ಕಾಣ್ತಿಲ್ಲ, ಆದರೆ ಇಲ್ಲೇ ಇತ್ತು.

ಆ ನೆಲ ಈಗ ಪಾರ್ಕಿನೊಳಗಿದೆ. ಪಾರ್ಕಿಗೆ ಭೂಮಿ ಕೊಂಡಿಲ್ಲ, ಗುತ್ತಿಗೆಗೆ ತಗೊಂಡಿದ್ದಾರೆ. ಶುರುವಿನಲ್ಲಿ ವರ್ಷಕ್ಕೆ ಎಕರೆಗೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಮಾವ ಇದರ ಬಗ್ಗೆ ಕೆಟ್ಟದ್ದು ಮಾತಾಡಲಿಲ್ಲ. "ಸುಳ್ಳು ಹೇಳಬಾರದು, ದುಡ್ಡು ಬರ್ತಾ ಇದೆ. ಮಳೆ ನಂಬಿಕೊಂಡಿದ್ದಾಗ ಇಷ್ಟೂ ಬರ್ತಿರಲಿಲ್ಲ. ಸಾಲಗಾರ ಮನೆ ಮುಂದೆ ಬರಲ್ಲ ಈಗ." ಅದು ನಿಜ. ನಗರದಲ್ಲಿ ಕೂತು ಅಯ್ಯೋ ಹಸಿರು ಹೊಲ ಹೋಯ್ತು ಅಂತ ಕವಿತೆ ಬರೆಯೋರಿಗೆ ಹೇಳ್ತೀನಿ, ಆ ಹೊಲ ಹಸಿರಾಗಿದ್ದದ್ದು ಐದು ವರ್ಷಕ್ಕೊಮ್ಮೆ.

ಆದರೆ ಮಾವನಿಗೆ ಒಂದು ಚಿಂತೆ ಇದೆ. ಗುತ್ತಿಗೆ ಮುಗಿದ ಮೇಲೆ ನೆಲ ವಾಪಸ್ ಬರಬೇಕಲ್ಲ. ಸರ್ವೆ ನಂಬರ್ ಇದೆ, ನಕ್ಷೆ ಇದೆ, ಪಹಣಿ ಇದೆ, ಕಾಗದದ ಮೇಲೆ ಒಂದು ಗುಂಟೆಯೂ ಆಚೀಚೆ ಆಗಲ್ಲ. ಬದು ಮಾತ್ರ ಇಲ್ಲ. ಮರ ಇಲ್ಲ. ನಮ್ಮ ಹೊಲ ಎಲ್ಲಿಗೆ ಶುರು, ಎಲ್ಲಿಗೆ ಮುಗೀತು ಅಂತ ನಡೆದು ತೋರಿಸೋಕೆ ಗೊತ್ತಿರೋ ತಲೆ ತನ್ನದೇ ಕೊನೇದು ಅನ್ನೋದು ಅವರ ಚಿಂತೆ. ಮೊಮ್ಮಗ ಬೆಂಗಳೂರಲ್ಲಿ ಇಂಗ್ಲಿಷ್ ಮೀಡಿಯಂ. "ಒಂದು ದೊಡ್ಡ ಪ್ರಿಂಟ್ ಹಾಕ್ಸಿ ಲ್ಯಾಮಿನೇಷನ್ ಮಾಡಿಸಿಕೊಡು, ಗುತ್ತಿಗೆ ಪತ್ರದ ಜೊತೆ ಇಡ್ತೀನಿ" ಅಂದ್ರು. ಮಾಡಿಸಿಕೊಟ್ಟಿದ್ದೀನಿ. ಹಿಂದುಗಡೆ ಪೆನ್ನಿನಲ್ಲಿ ಮರದ ಹೆಸರು, ಬದುವಿನ ಹೆಸರು ಎಲ್ಲ ಅವರೇ ಬರೆದಿದ್ದಾರೆ.

ಇಷ್ಟೆಲ್ಲ ಆದ ಮೇಲೆ ನಾನು ಕೇಳಿದೆ: "ಮಾವ, ಈ ಐದು ಜನ ಯಾರು?"

ಅವರು ಸುಮ್ಮನಾದರು. ಆಮೇಲೆ ಅತ್ತೆಯನ್ನ ಕರೆದರು. ಅತ್ತೆ ಬಂದು ಒಬ್ಬರನ್ನ ಸೀರೆಯಿಂದ, ಒಬ್ಬರನ್ನ ಬಗ್ಗಿ ನಿಂತ ರೀತಿಯಿಂದ ಗುರುತು ಹಿಡಿದರು. ಮೂವರ ಹೆಸರು ಸಿಕ್ತು. ಒಬ್ಬರು ತೀರಿಹೋಗಿದ್ದಾರೆ. ಒಬ್ಬರು ಬೆಂಗಳೂರಿನಲ್ಲಿ ಮಗನ ಜೊತೆ, ಕಟ್ಟಡದ ಕೆಲಸ. ಒಬ್ಬರು ಅದೇ ಊರಿನಲ್ಲಿದ್ದಾರೆ, ಕೂಲಿ ಎಲ್ಲಿ ಸಿಕ್ಕರೆ ಅಲ್ಲಿಗೆ ಆಟೋದಲ್ಲಿ ಹೋಗ್ತಾರೆ. ಹೊಲ ಇದ್ದವರಿಗೆ ಗುತ್ತಿಗೆ ಪತ್ರ ಇದೆ, ವರ್ಷಕ್ಕೊಮ್ಮೆ ಬ್ಯಾಂಕಿಗೆ ದುಡ್ಡು ಬರುತ್ತೆ. ಆ ಹೊಲದಲ್ಲಿ ಬಗ್ಗಿ ಬೆನ್ನು ಸವೆಸಿದವರಿಗೆ ಆ ನೆಲದ ಮೇಲೆ ಇದ್ದದ್ದು ಕೆಲಸ ಒಂದೇ. ಹೊಲ ಪಾರ್ಕಾದ ದಿನ ಕೆಲಸ ಮುಗೀತು. ಅವರು ಅಲ್ಲಿ ದುಡಿದಿದ್ದರು ಅನ್ನೋದಕ್ಕೆ ಯಾವ ಕಚೇರಿಯಲ್ಲೂ ಒಂದು ಸಾಲು ಇಲ್ಲ. ನನ್ನ ಪೋಲು ಫ್ರೇಮ್ ಇದೆ, ಅದರಲ್ಲೂ ನಾನು ಅವರನ್ನ ನೋಡಿ ತೆಗೆದದ್ದಲ್ಲ, ರೀಲು ಮುಗೀಲಿ ಅಂತ ಒತ್ತಿದ್ದು.

ಆ ಊರಲ್ಲೇ ಇರುವ ಆಕೆಯ ಮನೆಗೆ ಹೋಗಿ ಒಂದು ಪ್ರಿಂಟ್ ಕೊಟ್ಟೆ. ತನ್ನನ್ನ ಹುಡುಕಲಿಲ್ಲ ಆಕೆ. ಎತ್ತುಗಳ ಹೆಸರು ಹೇಳಿದರು.

ಈಗ ಒಂದು ಕೆಲಸದ ಮಾತು. ನಿಮ್ಮ ಊರಿನ ಹಳೇ ಸ್ಟುಡಿಯೋಗೆ ಹೋಗಿ. ಅಲ್ಲಿ ಈಗ ಜೆರಾಕ್ಸು, ಆಧಾರ್ ಅಪ್‌ಡೇಟು, ಪಾಸ್‌ಪೋರ್ಟ್ ಸೈಜು ನಡೀತಿರುತ್ತೆ. ಹಿಂದಿನ ಕೋಣೆಯಲ್ಲಿ ನೆಗೆಟಿವ್ ಮೂಟೆ ಇದೆಯಾ ಕೇಳಿ. ಕಪ್ಪು ಬಿಳುಪಿನವು ಬಹಳ ಕಡೆ ಹೋಗಿಬಿಟ್ಟಿವೆ. ಕಾರಣ ಏನು ಗೊತ್ತಾ? ಬೆಳ್ಳಿ. ಕಪ್ಪು ಬಿಳುಪು ನೆಗೆಟಿವ್‌ನಲ್ಲಿ ಕಪ್ಪು ಕಾಣೋದೇ ಬೆಳ್ಳಿ. ಎಕ್ಸ್‌ರೇ ಫಿಲ್ಮ್ ಕೊಳ್ಳೋರ ಹಾಗೆ ಬಂದು ಕೆಜಿ ಲೆಕ್ಕದಲ್ಲಿ ತೂಗಿಸಿಕೊಂಡು ಹೋಗಿ ಕರಗಿಸಿದರು. ಅಜ್ಜಂದಿರ ಮುಖ ಕರಗಿ ಯಾರದೋ ಕಾಲುಂಗುರ ಆಗಿದೆ. ಕಲರ್ ನೆಗೆಟಿವ್ ತೊಳೆಯುವಾಗಲೇ ಬೆಳ್ಳಿ ಪೂರ್ತಿ ಹೋಗುತ್ತೆ, ಬಣ್ಣ ಮಾತ್ರ ಉಳಿಯುತ್ತೆ. ಅದಕ್ಕೆ ಬೆಲೆ ಇಲ್ಲ. ಬೆಲೆ ಇಲ್ಲದ್ದಕ್ಕೇ ಕೆಲವು ಕಡೆ ಉಳಿದಿದೆ, ಉಳಿದ ಕಡೆ ಕಸದ ಗಾಡಿಗೆ ಹೋಗಿದೆ.

ಮತ್ತೆ ತೆಗೆದುಕೊಳ್ಳೋಣ ಅಂದರೆ ಆ ಕಾಲ ಮುಗೀತು. ಊಟಿಯಲ್ಲಿ ಕೇಂದ್ರ ಸರ್ಕಾರದ್ದೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇತ್ತು, 1960ರಲ್ಲಿ ಶುರುವಾದದ್ದು, 'ಇಂದು' ಅಂತ ಫಿಲ್ಮ್ ಮಾಡ್ತಿತ್ತು. ಅದು ಮುಚ್ಚಿತು. ಕೊಡಕ್ ಕತೆ ಇನ್ನೂ ತಮಾಷೆ. ಡಿಜಿಟಲ್ ಕ್ಯಾಮೆರಾ ಮೊದಲು ಮಾಡಿದ್ದೇ ಅವರ ಇಂಜಿನಿಯರ್, ಸ್ಟೀವನ್ ಸ್ಯಾಸನ್, 1975ರಲ್ಲಿ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯೋಕೆ 23 ಸೆಕೆಂಡ್ ಬೇಕಿತ್ತು. ಕಂಪನಿ ಫಿಲ್ಮನ್ನೇ ನಂಬಿಕೊಂಡಿತು, 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಈಗಲೂ ಫಿಲ್ಮ್ ಸಿಗುತ್ತೆ, ಬೆಂಗಳೂರಲ್ಲಿ ಹುಡುಗರು ಶೋಕಿಗೆ ಹಾಕ್ತಾರೆ. ನಮ್ಮ ಅಟ್ಟದ ಮೇಲಿರೋದು ಅದಲ್ಲವಲ್ಲ.

ಪಕ್ಕದ ರಾಜ್ಯದಲ್ಲಿ ಈ ಕೆಲಸ ನಡೆದಿದೆ. ಪಾಂಡಿಚೇರಿಯ ಫ್ರೆಂಚ್ ಸಂಶೋಧನಾ ಸಂಸ್ಥೆಯವರು ಬ್ರಿಟಿಷ್ ಲೈಬ್ರರಿಯ ನೆರವು ಪಡೆದು ತಮಿಳುನಾಡಿನ ಹಳೇ ಸ್ಟುಡಿಯೋಗಳ ಬಾಗಿಲು ತಟ್ಟಿ, ಫೋಟೋ, ಗಾಜಿನ ನೆಗೆಟಿವ್ ಎಲ್ಲ ಸ್ಕ್ಯಾನ್ ಮಾಡಿ ಇಟ್ಟರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಕ್ಕೆ ಲಂಡನ್ನಿನಿಂದ ಯಾರೂ ಬರಬೇಕಾಗಿಲ್ಲ. ಒಂದು ಕಾಲೇಜಿನ ಇತಿಹಾಸ ವಿಭಾಗ, ಹತ್ತು ಹುಡುಗರು, ಎರಡು ಸ್ಕ್ಯಾನರ್ ಸಾಕು. ನೆಗೆಟಿವ್ ಸಿಕ್ಕರೆ ಬಿಸಿಲಿಗೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಅದರ ಮೇಲಿರೋದು ಜೆಲಾಟಿನ್, ಬೂಷ್ಟಿಗೆ ಅದು ಊಟ. ಅಂಚಿನಲ್ಲಿ ಹಿಡಿದು ಕಾಗದದ ಲಕೋಟೆಯಲ್ಲಿ ಒಣಗಿದ ಜಾಗದಲ್ಲಿಡಿ. ಪ್ರಿಂಟ್ ಇರೋದನ್ನ ಬಿಡಿ, ಅದು ಎಲ್ಲೋ ಆಲ್ಬಂನಲ್ಲಿರುತ್ತೆ. ಪ್ರಿಂಟ್ ಹಾಕಿಸದ್ದನ್ನ ಮೊದಲು ನೋಡಿ. ಮನೆಯಲ್ಲಿ ವಯಸ್ಸಾದವರು ಇರೋವಾಗಲೇ ನೋಡಿ. ಕಡಗ ಗುರುತು ಹಿಡಿಯೋಕೆ ನನ್ನಿಂದ ಆಗ್ತಿರಲಿಲ್ಲ.

ಮೂವತ್ತಾರನೇ ಫ್ರೇಮನ್ನು ಇನ್ನೊಂದು ಸಲ ಪರದೆ ಮೇಲೆ ಹಾಕ್ತಿದ್ದಾರೆ. ಎಲ್ಲರೂ ಬಗ್ಗಿರೋದರಿಂದ ಯಾರ ಮುಖವೂ ಸ್ಪಷ್ಟ ಇಲ್ಲ, ಹಾಗಾಗಿ ತೋರಿಸ್ತಿದ್ದೀನಿ. ಎಡದಿಂದ ಎರಡನೆಯವರು, ತಲೆಗೆ ಟವೆಲ್ ಸುತ್ತಿಕೊಂಡಿದ್ದಾರೆ. ಬಲತುದಿಯವರು, ಸೊಂಟದಲ್ಲಿ ಮಗು ಇದೆ. ಈ ಇಬ್ಬರ ಹೆಸರು ಅತ್ತೆಗೂ ಗೊತ್ತಾಗಲಿಲ್ಲ. ಆ ಮಗುವಿಗೆ ಈಗ ಇಪ್ಪತ್ತರ ಮೇಲೆ ವಯಸ್ಸಾಗಿರಬೇಕು. ತಿರುಮಣಿ, ವಳ್ಳೂರು, ಬಳಸಮುದ್ರ ಕಡೆಯವರು ಯಾರಾದರೂ ನೋಡ್ತಿದ್ದರೆ, ಗುರುತು ಸಿಕ್ಕರೆ, ಚಾನೆಲ್‌ಗೆ ಬರೆಯಿರಿ. ಅವರಿಗೂ ಒಂದೊಂದು ಪ್ರಿಂಟ್ ಹಾಕಿಸಿ ಇಟ್ಟಿದ್ದೀನಿ.